ಅಪ್ಪನ ಅರ್ಥ, ಏಳು ತುಂಡು

ಅಪ್ಪನ ತಾಳಮದ್ದಳೆಯ ಹಳೇ ವಿಡಿಯೋ ಕ್ಯಾಸೆಟ್ಟನ್ನು ಇಲ್ಲಿ ಮುಂಬಯಿಯಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಆದದ್ದು 5 ಜಿಬಿ. ಊರಲ್ಲಿರುವ ಅಮ್ಮನಿಗೆ ಕಳಿಸಬೇಕು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿದರೂ ಒಂದು ಫೈಲಿಗೆ 2 ಜಿಬಿಯೇ ಮಿತಿ. ಜಿಮೇಲಿಗೆ 25 ಎಂಬಿ. ಕುಗ್ಗಿಸೋಣವೆಂದರೆ ಅಪ್ಪನ ಮುಖ ಮೊದಲೇ ಮಸುಕು.

ಹಾಗಾಗಿ ತುಂಡು ಮಾಡುವುದೇ ಸರಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ 'ಕಾಪಿ' ಎಂದು ಹೇಳಿದರೆ ಚಿತ್ರ ಕೆಡಿಸದೆ ಕತ್ತರಿಸುತ್ತದೆ. ಕೀಫ್ರೇಮ್ ಇದ್ದಲ್ಲೇ ಕತ್ತರಿ ಬೀಳುವುದರಿಂದ ಸ್ವಲ್ಪ ಹಿಂದೆಮುಂದೆ ಆಗುತ್ತದೆ, ಅಷ್ಟೇ.

ಲೆಕ್ಕಕ್ಕೆ ಮೂರು ತುಂಡು ಸಾಕು. ಆದರೆ ಸಮಪಾಲು ಮಾಡಿದರೆ ಕರ್ಣನ ಮಾತು ಅರ್ಧಕ್ಕೇ ನಿಲ್ಲುತ್ತದಲ್ಲ! ಭಾಗವತರ ಪದ ಶುರುವಾಗುವಲ್ಲಿ ನೋಡಿ ಕತ್ತರಿಸಿದೆ, ಏಳಾಯಿತು. ಅಮ್ಮ ದಿನಕ್ಕೊಂದೇ ನೋಡುತ್ತಾಳೆ. "ನಾಳೆಗೂ ಉಂಟಲ್ಲ ಮಗಾ" ಅನ್ನುತ್ತಾಳೆ.

ನಿಮ್ಮ ಅಟ್ಟದಲ್ಲೂ ಇಂಥ ಕ್ಯಾಸೆಟ್ಟಿದ್ದರೆ, ಬೂಷ್ಟು ಹಿಡಿಯುವ ಮೊದಲೇ ಇಳಿಸಿಕೊಳ್ಳಿ.