ಮಂಡ್ಯ, ಮದ್ದೂರು, ಮಳವಳ್ಳಿ ಮತ್ತು ಒಂದು ತಾಮ್ರದ ಹಂಡೆ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಬ್ರೋಷರ್‌ನಲ್ಲಿ ಈಗ ಹಾಟ್ ಟಬ್ ಫೋಟೋ ಇರಲೇಬೇಕು. ಮಂಡ್ಯ ಸೀಮೆಯ ಹಳೇ ಮನೆಗಳಿಗೆ ಆ ಸುಖ ಹೊಸದೇನಲ್ಲ. ಹಿತ್ತಲಿಗೆ ಅಂಟಿಕೊಂಡ ಬಚ್ಚಲು, ಮೂಲೆಯಲ್ಲಿ ಮಣ್ಣಿನ ಒಲೆ, ಒಲೆಯೊಳಗೆ ಕತ್ತಿನವರೆಗೂ ಹೂತಿರುವ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಕಲ್ಲುತೊಟ್ಟಿ. ವ್ಯತ್ಯಾಸ ಒಂದೇ: ಅವರು ನೀರೊಳಗೆ ಕೂರ್ತಾರೆ, ನಾವು ನೀರನ್ನ ಮೈಮೇಲೆ ಸುರ್ಕೋತೀವಿ. ನಮ್ಮ ಕಡೆ ‘ಸ್ನಾನ ಮಾಡೋದು’ ಅನ್ನೋದು ಕಮ್ಮಿ, ‘ನೀರು ಉಯ್ಕೊಳ್ಳೋದು’ ಅಂತಾನೇ ಹೇಳೋದು.

ಮಳವಳ್ಳಿ ತಾಲ್ಲೂಕಿನ ನಮ್ಮ ಊರಿನ ಮನೆಯ ಹಂಡೆ ಹನ್ನೆರಡು ವರ್ಷದಿಂದ ಕೆಲಸ ನಿಲ್ಲಿಸಿತ್ತು. ತಾರಸಿ ಮೇಲೆ ಸೋಲಾರ್ ಬಂದ ವರ್ಷ ಅದಕ್ಕೆ ನಿವೃತ್ತಿ ಆಯ್ತು. ಆಮೇಲೆ ಅದರೊಳಗೆ ಈರುಳ್ಳಿ ಇಟ್ಟಿದ್ದು ಉಂಟು, ಕೋಳಿ ಮೊಟ್ಟೆ ಇಟ್ಟಿದ್ದೂ ಉಂಟು. ಈಚೆಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು ಸೋಲಾರ್ ಪೈಪು ಅರ್ಧ ಮುಚ್ಚಿಹೋಗಿದೆ. ಹದಿನೈದು ಲೀಟರಿನ ಗೀಸರ್ ಇದೆ, ಆದ್ರೆ ಬೆಳಿಗ್ಗೆ ಹೊತ್ತು ಕರೆಂಟು ಇದ್ದರೆ ಉಂಟು, ಇಲ್ಲದಿದ್ರೆ ಇಲ್ಲ. ಎಂಬತ್ತೆರಡರ ಅಜ್ಜಿಗೆ ಮಂಡಿನೋವು. ಹರಳೆಣ್ಣೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಬಿಸಿಬಿಸಿ ನೀರು ಧಾರಾಳವಾಗಿ ಬೀಳಬೇಕು. “ಆ ಡಬ್ಬದ ನೀರು ಎರಡು ಬಕೆಟ್‌ಗೇ ಸೋತೋಯ್ತದೆ ಕಣ್ಲಾ, ಮಂಡಿಗಂಟ ಬರಕಿಲ್ಲ” ಅಂತ ಅಜ್ಜಿ ಫೋನಿನಲ್ಲಿ ಹೇಳ್ತಿತ್ತು. ಚಳಿಗಾಲದಲ್ಲಿ ವಾರಕ್ಕೊಂದು ಸಲ ನೀರು ಉಯ್ಕೊಳ್ಳೋದೂ ಬಿಟ್ಟಿತ್ತು.

ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಪಕ್ಕದ ಹಳ್ಳಿಗಳ ಸರದಿ ಬರೋಕೆ ದಶಕಗಳೇ ಬೇಕಾಯ್ತು. ಹಾಗಾಗಿ ನಮ್ಮೂರಲ್ಲಿ ನೀರು ಕಾಯಿಸೋ ವಿಷಯದಲ್ಲಿ ಸೌದೆಯನ್ನ ನಂಬಿದಷ್ಟು ಕರೆಂಟನ್ನ ಯಾರೂ ನಂಬಿಲ್ಲ, ಇವತ್ತಿಗೂ.

ಹಂಡೆ ರಿಪೇರಿ ಮಾಡ್ಸೋಣ ಅಂದಾಗ ಅಪ್ಪ “ಮಾರಿಬುಟ್ರೆ ಕಾಸಾದ್ರೂ ಬತ್ತದೆ” ಅಂದರು. ಅವ್ವ ಮಾತ್ರ ಸೌಟು ಕೆಳಗಿಟ್ಟು ತಿರುಗಿದಳು. “ನೀನು ವರ್ಷಕ್ಕೆ ನಾಕು ಸಲ ಬತ್ತೀಯ. ದಿನಾ ನಾಲ್ಕೂವರೆಗೆದ್ದು ಹೊಗೇಲಿ ಊದೋಳು ಯಾರು?” ಮದುವೆಯಾಗಿ ಬಂದಾಗಿಂದ ಸೋಲಾರ್ ಬರೋವರೆಗೂ ಊದಿದ್ದು ಅವಳೇ. ಮೊದಲು ಮಾವನಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ಸ್ಕೂಲಿಗೆ ಹೋಗೋ ನಮಗೆ, ಕೊನೆಗೆ ಉಳಿದ ಉಗುರುಬೆಚ್ಚಗಿನ ನೀರು ಅವಳಿಗೆ. ಕಣ್ಣುರಿ, ಕೆಮ್ಮು, ಮಸಿ ಹಿಡಿದ ಸೆರಗು. ಹಂಡೆಯ ನೆನಪು ನಮಗೆಲ್ಲ ಹಿತ, ಅವಳಿಗೆ ಅದು ಡ್ಯೂಟಿ.

ಅವ್ವ ಮೂರು ಷರತ್ತು ಹಾಕಿದಳು. ಹೊಗೆ ಮನೆಯೊಳಕ್ಕೆ ಬರಕೂಡದು. ಸೌದೆ ನಾನು ತರಲ್ಲ. ಒಲೆ ನಾನು ಹಚ್ಚಲ್ಲ. ಎಂಟು ವರ್ಷದ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟ್ ನನಗೆ ಯಾವ ಕ್ಲೈಂಟೂ ಕೊಟ್ಟಿಲ್ಲ.

ಒಲೆ ಒಡೆದು ಹಂಡೆ ಈಚೆಗೆ ತೆಗೆಯೋಕೆ ಒಂದು ಬೆಳಿಗ್ಗೆ ಹಿಡೀತು. ಹೊರಗೆಲ್ಲ ಅರ್ಧ ಬೆರಳು ದಪ್ಪ ಮಸಿ, ಕತ್ತಿನ ಸುತ್ತ ಹಸಿರು ಕಿಲುಬು, ಒಳಗಡೆ ಬಿಳೀ ಸುಣ್ಣದ ಚಿಪ್ಪು. ಅಂಗಡಿಯ ಕ್ಲೀನರ್ ತರ್ತೀನಿ ಅಂದ್ರೆ ಅಜ್ಜಿ ನಕ್ಕಿತು. ಹುಣಸೆಹಣ್ಣು, ಉಪ್ಪು, ಒಲೆಬೂದಿ, ತೆಂಗಿನ ನಾರು, ಅಷ್ಟೇ. ಹುಣಸೆಯ ಹುಳಿ ಕಿಲುಬನ್ನೂ ಕರಗಿಸುತ್ತೆ, ಸುಣ್ಣವನ್ನೂ ಸಡಿಲ ಮಾಡುತ್ತೆ. ರಾತ್ರಿಯೆಲ್ಲ ಹುಣಸೆನೀರು ತುಂಬಿಸಿಟ್ಟು ಬೆಳಿಗ್ಗೆ ಉಜ್ಜಿದ್ರೆ ಚಿಪ್ಪು ಪದರ ಪದರವಾಗಿ ಎದ್ದುಬಂತು. ಆಗಲೇ ಗೊತ್ತಾಗಿದ್ದು ತಳದಲ್ಲಿ ಮೂರು ಸೂಜಿತೂತು ಇದೆ ಅಂತ. ಇಷ್ಟು ದಿನ ಅವನ್ನ ಮುಚ್ಚಿಕೊಂಡಿದ್ದು ಸುಣ್ಣವೇ.

ಮಳವಳ್ಳಿಯಲ್ಲಿ ವಿಚಾರಿಸಿದ ಕಡೆಯೆಲ್ಲ ಕಬ್ಬಿಣ, ಸ್ಟೀಲು ವೆಲ್ಡಿಂಗ್‌ನವರೇ. ಲೋಹದ ಪಾತ್ರೆ ಕೆಲಸಕ್ಕೆ ಜಿಲ್ಲೆಯಲ್ಲಿ ನಾಗಮಂಗಲದ ಹೆಸರು ಹಳೇದು, ಆದ್ರೆ ನಮಗೆ ದೂರ. ಮಂಡ್ಯದಲ್ಲಿ ಒಬ್ಬರಿದ್ದಾರೆ ಅಂತ ಗೊತ್ತಾಗಿ, ಹಂಡೆಯನ್ನ ಗೋಣಿಚೀಲದಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಲ್ಲಿ ಕೂರಿಸಿದೆ. ಸೀಟ್‌ಬೆಲ್ಟ್ ಅಲಾರಂ ಹೊಡ್ಕೊಳ್ತು, ಬೆಲ್ಟ್ ಹಾಕಿದೆ.

ಮಳವಳ್ಳಿಯಿಂದ ಕೆ.ಎಂ. ದೊಡ್ಡಿ ಮೇಲೆ ಮದ್ದೂರಿಗೆ ಬರೋ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಅವಸರ ಬಿಟ್ಟುಬಿಡಬೇಕು. ಕಿಟಕಿ ಇಳಿಸಿ, ಆಲೆಮನೆಯ ಪಾಕದ ವಾಸನೆ ಕುಡೀತಾ ಹೋಗಬೇಕು. ಮದ್ದೂರಿನಿಂದ ಮಂಡ್ಯಕ್ಕೆ ಹಳೇ ದಾರಿಯನ್ನೇ ಹಿಡಿದೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಬೆಂಗಳೂರು–ಮೈಸೂರು ಓಡಾಡೋರು ಈ ಎರಡೂ ಊರನ್ನ ಬೈಪಾಸ್ ಮೇಲಿಂದ ಬೋರ್ಡಿನಲ್ಲಷ್ಟೇ ನೋಡ್ತಾರೆ. ನಿಮಗೆ ಅರ್ಧ ಗಂಟೆ ಹೆಚ್ಚಿದ್ರೆ ಒಮ್ಮೆ ಇಳಿದುನೋಡಿ.

ಮಂಡ್ಯದ ಆ ಅಂಗಡಿ ಹತ್ತಡಿ ಅಗಲ. ಯಜಮಾನರು ಹಂಡೆಯನ್ನ ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಶಬ್ದ ಕೇಳಿ, “ತಾಮ್ರ ಗಟ್ಟಿಗೈತೆ” ಅಂದರು. ನಾನು ತೂತಿಗೆ ಸೀಸದ ಬೆಸುಗೆ ಸಾಕಾ ಅಂತ ಕೇಳಿದೆ. ಅವರ ಉತ್ತರ ಕೇಳೋ ಹಾಗಿತ್ತು. ಒಳಗೆ ನೀರಿರೋವರೆಗೂ ತಳ ನೂರು ಡಿಗ್ರಿ ದಾಟಲ್ಲ, ಸೀಸದ ಬೆಸುಗೆನೂ ನಿಲ್ಲುತ್ತೆ. ಯಾರಾದ್ರೂ ಒಂದು ದಿನ ನೀರು ತುಂಬೋದು ಮರೆತು ಬೆಂಕಿ ಹಚ್ಚಿದ್ರೆ ಅವತ್ತೇ ಕರಗಿ ಬೀಳುತ್ತೆ. ಅದಕ್ಕೇ ಬಿಳಿಗಾರ ಹಾಕಿ ಹಿತ್ತಾಳೆ ಬೆಸುಗೆ ಮಾಡಿದರು. ಕಲಾಯಿ? ಬೇಡವಂತೆ. ಅದು ಅಡುಗೆ ಪಾತ್ರೆಗೆ, ಹುಳಿ ತಾಮ್ರಕ್ಕೆ ತಾಗದಿರಲಿ ಅಂತ ಹಾಕೋದು.

ಕೆಲಸ ಮುಗಿಯೋವರೆಗೂ ಊರು ಸುತ್ತಿದೆ. ಮೈಶುಗರ್ ಸಕ್ಕರೆ ಕಾರ್ಖಾನೆ ಕಡೆ ಹೋದೆ. 1933ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ ವರ್ಷಗಟ್ಟಲೆ ತಣ್ಣಗೆ ನಿಂತಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡ್ತು. ಅಂಥ ಬಾಯ್ಲರ್‌ಗೆ ಮತ್ತೆ ಬೆಂಕಿ ಹಾಕೋಕೆ ಎಷ್ಟು ಜನ, ಎಷ್ಟು ದುಡ್ಡು, ಎಷ್ಟು ಹೋರಾಟ ಬೇಕಾಯ್ತು ಅಂತ ಮಂಡ್ಯದವರಿಗೆ ಗೊತ್ತು. ನನ್ನದು ಪುಟ್ಟ ಬಾಯ್ಲರ್. ವಾಪಸ್ ಬರ್ತಾ ಮದ್ದೂರಿನಲ್ಲಿ ಎಂಟು ವಡೆ ಕಟ್ಟಿಸ್ಕೊಂಡೆ. 1917ರಲ್ಲಿ ರೈಲು ನಿಲ್ದಾಣದಲ್ಲಿ ಶುರುವಾದ ವಡೆ ಅಂತ ಎಲ್ಲರೂ ಹೇಳ್ತಾರೆ. ಈರುಳ್ಳಿ ಚೆನ್ನಾಗಿ ಕಂದಬೇಕು, ಅಂಚು ಮುರಿದರೆ ಸದ್ದು ಬರಬೇಕು. ಊರು ತಲುಪೋ ಹೊತ್ತಿಗೆ ಆರು ಉಳಿದಿತ್ತು.

ಇನ್ನು ಒಲೆ. ಹಳೇ ಒಲೆಯ ಬಾಯಿ ಬಚ್ಚಲೊಳಗೇ ಇತ್ತು, ಹೊಗೆ ಹೆಂಚಿನ ಸಂದಿಯಲ್ಲಿ ಹೋದರೆ ಹೋಯ್ತು. ಇದನ್ನ ಸರಿಮಾಡೋ ವಿದ್ಯೆ ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನೋ ಕೇಂದ್ರ ಕಟ್ಟಿದರು. ಅದರ ಹಳ್ಳಿಯ ಪ್ರಯೋಗಗಳು ನಡೆದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಅಂದ್ರೆ ಮದ್ದೂರಿನ ನೆರೆಯ ತಾಲ್ಲೂಕಿನಲ್ಲಿ. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ಸೂತ್ರ ಸರಳ: ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿ ಮೇಲೆ ಉರೀಬೇಕು. ಗಾಳಿ ಕೆಳಗಿಂದ ಬರಬೇಕು. ಹೊಗೆ ಚಿಮಣಿ ಹತ್ತಬೇಕು.

ಮಳವಳ್ಳಿ ಪೇಟೆಯಲ್ಲಿ ಜಾಲರಿ, ಶೀಟಿನ ಚಿಮಣಿ ಸಿಕ್ತು. ಊರಿನ ಗಾರೆ ಕೆಲಸದವರ ಜೊತೆ ಸೇರಿ ಒಲೆಯ ಬಾಯಿಯನ್ನ ಹಿತ್ತಲ ಗೋಡೆಗೆ ತಿರುಗಿಸಿದೆವು. ಈಗ ಬೆಂಕಿ ಹಾಕೋದು ಹೊರಗೆ ನಿಂತು, ನೀರು ಮೊಗೆಯೋದು ಒಳಗೆ. ಬಿಸಿಗಾಳಿ ಹಂಡೆಯ ಹೊಟ್ಟೆ ಒಂದು ಸುತ್ತು ಬಳಸಿ ಚಿಮಣಿಗೆ ಹೋಗೋ ಹಾಗೆ ಎರಡು ಬೆರಳು ಜಾಗ ಬಿಟ್ಟು ಮಣ್ಣು ಕಟ್ಟಿದ್ದಾಯ್ತು. ಮುಚ್ಚಿದ ಬಚ್ಚಲೊಳಗೆ ಏನೇ ಉರಿದರೂ, ಗ್ಯಾಸ್ ಗೀಸರ್ ಆದ್ರೂ ಸರಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತೆ. ಹಾಗಾಗಿ ಗೋಡೆಯ ಸಂದಿಯನ್ನೆಲ್ಲ ಎರಡು ಸಲ ಮೆತ್ತಿಸಿದೆ, ಕಿಟಕಿ ಮುಚ್ಚೋಕೆ ಬಿಡಲಿಲ್ಲ.

ಲೆಕ್ಕ ಇಷ್ಟಪಡೋರಿಗೆ: ಎಂಬತ್ತು ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಸುಮಾರು 3.3 ಯೂನಿಟ್ ಶಕ್ತಿ ಬೇಕು. ಒಲೆ ಐದರಲ್ಲಿ ಒಂದು ಪಾಲು ಶಾಖವನ್ನಷ್ಟೇ ನೀರಿಗೆ ಕೊಟ್ಟರೂ ಸುಮಾರು ನಾಲ್ಕು ಕೆಜಿ ಒಣಸೌದೆ ಸಾಕು. ನಮ್ಮ ತೋಟದಲ್ಲಿ ಬೀಳೋ ತೆಂಗಿನ ಮಟ್ಟೆ, ಚಿಪ್ಪು, ಗರಿಯ ದಂಟು ಅಷ್ಟಕ್ಕೆ ಧಾರಾಳ. ಅದನ್ನ ಹಿತ್ತಲಿಗೆ ತಂದು ಜೋಡಿಸೋ ಕೆಲಸ ಅಪ್ಪನದು ಅಂತ ಅಜ್ಜಿಯೇ ತೀರ್ಪು ಕೊಟ್ಟಿತು. ಮಗನಿಗೆ ಎದುರು ಮಾತಿಲ್ಲ.

ಮಣ್ಣು ಒಣಗೋಕೆ ಹತ್ತು ದಿನ. ನೀರು ತುಂಬೋ ಹಬ್ಬದ ಸಂಜೆಗೆ ಸರಿಯಾಯ್ತು. ಅವ್ವ ಹಂಡೆಯ ಕತ್ತಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಚೆಂಡುಹೂ ಸುತ್ತಿದಳು. ಒಲೆ ಕಡೆ ಮಾತ್ರ ಕಾಲಿಡಲಿಲ್ಲ. ಮಾರನೇ ಬೆಳಿಗ್ಗೆ ಐದಕ್ಕೆ ಅಪ್ಪ ಮಫ್ಲರ್ ಸುತ್ಕೊಂಡು ಹಿತ್ತಲಿಗೆ ಹೋಗಿ ಬೆಂಕಿ ಹಚ್ಚಿದರು. ಚಿಮಣಿ ಮೊದಲು ಸ್ವಲ್ಪ ಕೆಮ್ಮಿತು, ಕಾವು ಏರಿದಮೇಲೆ ಎಳೀತು. ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ಮೂಗು ಏರಿಸಿ ಮೂಸಿ ನೋಡಿ ಏನೂ ಹೇಳದೆ ಕಾಫಿ ಇಡೋಕೆ ಹೋದಳು.

ಅಜ್ಜಿಗೆ ಅವ್ವನೇ ನೀರು ಹಾಕಿದ್ದು. ಒಳಗಿಂದ “ಇನ್ನೊಂದು ಚೆಂಬು, ಮಂಡಿ ಮ್ಯಾಕೆ” ಅನ್ನೋ ಮಾತು ಮುಕ್ಕಾಲು ಗಂಟೆ ಕೇಳಿಸ್ತಾ ಇತ್ತು. ಈಚೆಗೆ ಬಂದ ಅಜ್ಜಿ ಸೀಗೆಪುಡಿ ವಾಸನೆ ಸಮೇತ ಜಗಲಿಯಲ್ಲಿ ಹನ್ನೊಂದರವರೆಗೂ ನಿದ್ದೆ ಹೊಡೀತು. ಎರಡನೇ ಸರದಿ ನನ್ನದು ಅಂದ್ಕೊಂಡು ಟವೆಲ್ ಹೆಗಲಿಗೆ ಹಾಕಿ ನಿಂತಿದ್ದೆ. ಅವ್ವ ನನ್ನ ಪಕ್ಕದಲ್ಲೇ ಹಾದುಹೋಗಿ ಬಾಗಿಲು ಹಾಕ್ಕೊಂಡಳು. “ಇನ್ನೆರಡು ಮಟ್ಟೆ ಹಾಕ್ರೀ” ಅಂತ ಒಳಗಿಂದ ಕೂಗಿದ್ದು ಹಿತ್ತಲಲ್ಲಿದ್ದ ಅಪ್ಪನಿಗೆ.

ಈಗ ವಾರಕ್ಕೆ ಎರಡು ದಿನ ಹಂಡೆ ಉರಿಯುತ್ತೆ, ಬಾಕಿ ದಿನ ಗೀಸರ್. ಬೋರ್‌ವೆಲ್ ನೀರಿನ ಬದಲು ಸೂರಿನ ಮಳೆನೀರು ತೊಟ್ಟಿಗೆ ತಿರುಗಿಸಿದರೆ ಸುಣ್ಣ ಕಟ್ಟೋದು ಕಮ್ಮಿ ಆಗುತ್ತೆ, ಆ ಪೈಪಿನ ಕೆಲಸ ಬಾಕಿ ಇದೆ. ಚಿಮಣಿಗೆ ಟೋಪಿ ಇಲ್ಲ, ಮಳೆ ಹಿಡಿಯೋಕೆ ಮುಂಚೆ ಹಾಕ್ಸಬೇಕು. ಮುಂದಿನ ಶನಿವಾರ ಮಳವಳ್ಳಿಗೆ ಹೋಗ್ತೀನಿ.