ದೀಪ ಹತ್ಯಾವೇನು?

2025ರ ಮೇ 7ರ ರಾತ್ರಿ ಎಂಟೂವರೆಗೆ ಧಾರವಾಡದಿಂದ ಅವ್ವನ ಫೋನು. 'ದಿಲ್ಲಿಗೆ ಬಾಂಬ್ ಬಿದ್ದೈತಂತಲ್ಲೋ! ಊರಾಗಿನ ದೀಪ ಎಲ್ಲಾ ಹೋಗ್ಯಾವಂತ. ಹುಡುಗ್ರನ್ನ ಕರಕೊಂಡು ಲಗೂ ಬಂದ್ಬಿಡು.' ನಾನಾಗ ನಮ್ಮ ಓಣಿಯ ಕೈಗಾಡಿಯಲ್ಲಿ ಮಾವಿನಹಣ್ಣು ಆರಿಸುತ್ತ ನಿಂತಿದ್ದೆ. ಆ ದಿನ ಎಂಟು ಗಂಟೆಗೆ ನವದೆಹಲಿಯ ಒಂದು ಭಾಗದಲ್ಲಿ ಹದಿನೈದು ನಿಮಿಷ ಅಭ್ಯಾಸಕ್ಕೆಂದು ದೀಪ ಆರಿಸಿದ್ದರು, ಅಷ್ಟೆ. ಆ ಕತ್ತಲೆಯ ಫೋಟೋ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಮುಟ್ಟುವಷ್ಟರಲ್ಲಿ ಬಾಂಬ್ ಆಗಿತ್ತು.

ಕಾರ್ಗಿಲ್ ಯುದ್ಧದ ವರ್ಷ, 1999ರಲ್ಲಿ, ನಾನು ಕರೋಲ್ ಬಾಗಿನ ಒಂದು ಬರಸಾತಿಯಲ್ಲಿದ್ದೆ. (ಮಾಳಿಗೆಯ ಮೇಲಿನ ಒಂಟಿ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಬೇಸಿಗೆಯಲ್ಲಿ ಅದು ರೊಟ್ಟಿ ಹಂಚು.) ಮನೆಯ ಯಜಮಾನರು ರಾವಲ್ಪಿಂಡಿಯಲ್ಲಿ ಹುಟ್ಟಿ, ದೇಶ ಒಡೆದಾಗ ಓಡಿಬಂದವರು. ಕೇಬಲ್ಲಿನಲ್ಲಿ ಪಾಕಿಸ್ತಾನದ ಪಿಟಿವಿ ಬರುತ್ತಿತ್ತು. ಮುದುಕರು ರಾತ್ರಿ ಅಲ್ಲಿಯ ಖಬರ್‌ನಾಮಾ ಹಾಕಿ ಮನಸಾರೆ ಬೈಯುವರು, ಆಮೇಲೆ ದೂರದರ್ಶನ ಹಾಕಿ ಅದನ್ನೂ ಬೈಯುವರು. ಜೂನ್ ತಿಂಗಳಲ್ಲಿ ಸರಕಾರ ಪಿಟಿವಿಯನ್ನು ಕೇಬಲ್ಲಿನಿಂದ ತೆಗೆಸಿತು. ಅವರು ಹಳೇ ರೇಡಿಯೊ ಕೆಳಗಿಳಿಸಿ ಬಿಬಿಸಿಯ ಉರ್ದು ವಾರ್ತೆ ಹುಡುಕಿದರು. ಗೊರಗೊರ ಸದ್ದಿನ ನಡುವೆ ಒಂದೊಂದೇ ವಾಕ್ಯ ಹಿಡಿದು ನನಗೆ ಹಿಂದಿಯಲ್ಲಿ ಹೇಳುತ್ತಿದ್ದರು. ಊರಿಗೆ ನಾನು ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ, ಮೀಟರು ನೋಡುತ್ತ ಮಾತಾಡುತ್ತಿದ್ದೆ. ಅದರಲ್ಲಿ ಯುದ್ಧಕ್ಕೆ ಜಾಗವೇ ಇರಲಿಲ್ಲ.

ಈಗ ಮೀಟರಿಲ್ಲ. ಪಹಲ್ಗಾಮಿನಲ್ಲಿ ಏಪ್ರಿಲ್ 22ರಂದು 26 ಜನರನ್ನು ಕೊಂದರಲ್ಲ, ಅವರಲ್ಲಿ ಶಿವಮೊಗ್ಗದವರೊಬ್ಬರಿದ್ದರು. ಹುಬ್ಬಳ್ಳಿಯ ಅಕ್ಕನ ಮಗ ಅಂದಿನಿಂದ ಕುದಿಯುತ್ತಿದ್ದ. ಕುದಿದದ್ದು ತಪ್ಪಲ್ಲ. ಆ ತಿಂಗಳ 28ಕ್ಕೆ ನಮ್ಮ ಸರಕಾರ ಪಾಕಿಸ್ತಾನದ 16 ಯೂಟ್ಯೂಬ್ ಚಾನೆಲ್‌ಗಳನ್ನು ಇಲ್ಲಿ ಕಾಣದಂತೆ ಮಾಡಿತು. ಅತ್ತ ಪಾಕಿಸ್ತಾನ, ತನ್ನ ಜನಕ್ಕೇ ವರ್ಷಕ್ಕೂ ಮೇಲ್ಪಟ್ಟು ಮುಚ್ಚಿಟ್ಟಿದ್ದ ಎಕ್ಸ್ ತಾಣವನ್ನು ಮೇ 7ಕ್ಕೆ ತೆರೆಯಿತು. ಒಬ್ಬರು ಕಿಟಕಿ ಮುಚ್ಚಿದರು, ಒಬ್ಬರು ತೆರೆದರು. ಎರಡೂ ಜಗಳಕ್ಕೇ ಅಂತ ನನ್ನ ಅನುಮಾನ. ವಿಡಿಯೊ ಗೇಮಿನ ತುಣುಕುಗಳೂ ನಿಜವಾದ ಯುದ್ಧವೆಂದು ಓಡಾಡಿದವು.

ಮೇ 8ರ ರಾತ್ರಿ ಕರಾಚಿ ಬಂದರು ಸುಟ್ಟುಹೋಯಿತೆಂದು ನಮ್ಮ ಕೆಲವು ಟಿವಿಗಳು ಕೂಗಿದವು. ಅಳಿಯ ಅದನ್ನೇ ಗುಂಪಿಗೆ ಹಾಕಿದ. 'ಸುಳ್ಳಿದ್ದೀತು, ಸ್ವಲ್ಪ ತಡಿ' ಎಂದು ಬರೆದೆ. 'ಮಾಮಾ, ದಿಲ್ಲಿಗೆ ಹೋಗಿ ನಿಮ್ಮ ರಕ್ತ ತಣ್ಣಗಾಗೈತಿ' ಎಂದ. ಸುದ್ದಿ ಸುಳ್ಳೆಂದು ಮರುದಿನ ಗೊತ್ತಾಯಿತು. ನಾನು ಸುಮ್ಮನಿರಬೇಕಿತ್ತು. 'ನೋಡಿದ್ಯಾ?' ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಅವನು ಗುಂಪು ಬಿಟ್ಟುಹೋದ.

ಮೇ 10ಕ್ಕೆ ಕಾಳಗ ನಿಂತಿತು. ಅವ್ವ ಮಾತ್ರ ಈಗಲೂ ಸಂಜೆ ಎಂಟಕ್ಕೆ ಫೋನು ಮಾಡುತ್ತಾಳೆ. 'ದೀಪ ಹತ್ಯಾವೇನು?' 'ಹತ್ಯಾವವ್ವಾ.' 'ಹುಬ್ಬಳ್ಳಿಗೆ ಫೋನ್ ಮಾಡಿದ್ಯೇನು?' ನಾನು ಮಾತು ಮಾವಿನಹಣ್ಣಿನ ಕಡೆ ಹೊರಳಿಸುತ್ತೇನೆ.