ನಗುವಿಗೂ ಗಾಯಕ್ಕೂ ಏನು ಸಂಬಂಧ?

ನಗು ಒಳ್ಳೆಯ ಔಷಧ ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಔಷಧದಂಗಡಿಯ ಕ್ಯಾಲೆಂಡರಿನಲ್ಲೂ ಅದು ಇರುತ್ತದೆ, ಸಮಾರಂಭದ ಭಾಷಣದಲ್ಲೂ ಇರುತ್ತದೆ. ಆದರೆ ಈ ಔಷಧವನ್ನು ಯಾರು ಕೊಡಬೇಕು, ನಗಲು ಕಾರಣವೇ ಇಲ್ಲದ ಮನೆಯವರು ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ. ನಾವು ಮೂವರು ಸಹೋದರಿಯರು ಈ ಬಗ್ಗೆ ಯೋಚಿಸತೊಡಗಿದ್ದು ಉಮ್ಮನಿಗೆ ಮರೆವಿನ ಕಾಯಿಲೆ ಬಂದು, ಅವರನ್ನು ಮನೆಯಲ್ಲೇ ನೋಡಿಕೊಂಡ ನಾಲ್ಕು ವರ್ಷಗಳಲ್ಲಿ.

ವೈದ್ಯರು ಅದನ್ನು ಡಿಮೆನ್ಶಿಯಾ ಎಂದರು. ಹೆಸರು ಗೊತ್ತಾದ ಮಾತ್ರಕ್ಕೆ ರಾತ್ರಿ ಸಣ್ಣದಾಗುವುದಿಲ್ಲ. ತವರಿಗೆ ಹೋಗಬೇಕೆಂದು ಉಮ್ಮ ನಡುರಾತ್ರಿ ಎದ್ದು ಬಾಗಿಲ ಚಿಲಕ ತೆಗೆಯುತ್ತಿದ್ದರು. ಉಂಡು ಕೈ ತೊಳೆದ ಮೇಲೆ, ಬೆಳಗಿನಿಂದ ನನಗೆ ಯಾರೂ ಅನ್ನ ಕೊಟ್ಟಿಲ್ಲ ಎಂದು ಪಕ್ಕದ ಮನೆಗೆ ಕೇಳುವಂತೆ ಅಳುತ್ತಿದ್ದರು. ಗಲ್ಫ್‌ನಲ್ಲಿರುವ ತಮ್ಮ ಪ್ರತಿ ಶುಕ್ರವಾರ ಫೋನ್ ಮಾಡಿ ವಿಚಾರಿಸುತ್ತಿದ್ದ. ಉಳಿದ ಆರು ದಿನಗಳು ನಮ್ಮವು, ಶುಕ್ರವಾರವೂ ನಮ್ಮದೇ.

ಎರಡನೆಯ ವರ್ಷದ ಮಳೆಗಾಲದಲ್ಲಿ ಮೀನು ಕೊಯ್ಯುವಾಗ ಮೆಟ್ಟುಕತ್ತಿ ತಾಗಿ ಅಕ್ಕನ ಹೆಬ್ಬೆರಳಿನ ಬುಡ ಸೀಳಿತು. ದೊಡ್ಡ ಗಾಯವೇನಲ್ಲ. ಆದರೆ ತಿಂಗಳಾದರೂ ಒಣಗಲಿಲ್ಲ. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ. ಗಾಯಕ್ಕೆ ಕಟ್ಟು ಕಟ್ಟುತ್ತಿದ್ದ ವೈದ್ಯೆ ಮುಲಾಮಿನ ವಿಚಾರ ಬಿಟ್ಟು ಬೇರೆಯೇ ಪ್ರಶ್ನೆ ಕೇಳಿದರು. "ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ನಗುತ್ತಾ ನಾಲ್ಕು ಮಾತಾಡಲು ನಿಮಗೆ ಯಾರಿದ್ದಾರೆ?" ಅಕ್ಕನಿಗೆ ಸಿಟ್ಟು ಬಂತು. ಗಾಯ ಇರುವುದು ಕೈಯಲ್ಲಿ, ನಗುವಿಗೂ ಅದಕ್ಕೂ ಏನು ಸಂಬಂಧ ಎಂದು ದಾರಿಯುದ್ದಕ್ಕೂ ಗೊಣಗುತ್ತಲೇ ಬಂದಳು.

ಸಂಬಂಧ ಇದೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಇದನ್ನು 1995ರಲ್ಲಿ ನೇರವಾಗಿಯೇ ಅಳೆದು ನೋಡಿದರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು ಒಂದು ಕಡೆ. ಅದೇ ವಯಸ್ಸಿನ, ಅಷ್ಟೇ ಆದಾಯದ, ಆದರೆ ಅಂಥ ಹೊಣೆಯಿಲ್ಲದ 13 ಮಂದಿ ಇನ್ನೊಂದು ಕಡೆ. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರ್ ಅಗಲದ ಒಂದೇ ರೀತಿಯ ಪುಟ್ಟ ಗಾಯ ಮಾಡಲಾಯಿತು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆ ಮಾಡುವವರಿಗೆ ಹಿಡಿದದ್ದು ಸುಮಾರು 49 ದಿನ! ಇದನ್ನು ಓದಿದಾಗ ನಮ್ಮ ಮನೆಯನ್ನೇ ಯಾರೋ ಕಿಟಕಿಯಿಂದ ನೋಡಿ ಬರೆದಂತೆ ನಮಗೆ ಕಂಡಿತು.

ಕಾರಣ ನಿಗೂಢವೇನಲ್ಲ. ಭಯ, ಆತಂಕ, ಸಿಟ್ಟು ಬಂದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತವೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಉಪಕಾರಿಯೇ. ಆದರೆ ನಾಯಿ ತಿಂಗಳುಗಟ್ಟಲೆ ಹಿಂದೆ ಬಿಟ್ಟು ಹೋಗದಿದ್ದರೆ? ಗಾಯ ಮಾಯಬೇಕಾದರೆ ಮೊದಲು ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಬೇಕು. ಅವುಗಳನ್ನು ಕರೆಯುವ ರಾಸಾಯನಿಕ ಸಂದೇಶಗಳನ್ನೇ ಕಾರ್ಟಿಸಾಲ್ ತಗ್ಗಿಸುತ್ತದೆ. ಇದೇ ತಂಡ 2005ರಲ್ಲಿ 42 ದಂಪತಿಗಳನ್ನು ಪರೀಕ್ಷಿಸಿದಾಗ, ಪರಸ್ಪರ ಹಗೆಯಿಂದ ಮಾತನಾಡುವ ಜೋಡಿಗಳ ಗಾಯ ಇತರರಿಗಿಂತ ನಿಧಾನವಾಗಿ ಮಾಯುವುದು ಕಂಡುಬಂತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಚರ್ಮಕ್ಕೆ ಈ ಗಾದೆ ಗೊತ್ತಿಲ್ಲ.

ಇದೆಲ್ಲ ತೀರಾ ಹೊಸ ಸಂಗತಿ ಎಂದುಕೊಳ್ಳಬೇಕಾಗಿಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಅಲ್ ಖಾನೂನ್' ಗ್ರಂಥದಲ್ಲಿ, ಪ್ರೇಮದಿಂದ ಸೊರಗಿದವನ ನಾಡಿ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಹೋದರೆ, ಪ್ರಿಯವಾದ ಹೆಸರು ಬಂದಾಗ ನಾಡಿಯ ಬಡಿತ ಬದಲಾಗುತ್ತದೆ ಎಂದು ಬರೆದಿದ್ದಾನೆ. ದುಃಖಕ್ಕೆ ಎದೆ ಒಡೆಯಿತು ಎಂಬ ನಮ್ಮ ಮಾತೂ ಬರೀ ಅಲಂಕಾರವಲ್ಲ. ಜಪಾನಿನ ವೈದ್ಯರು 1990ರಲ್ಲಿ ಇಂಥದೊಂದು ಹೃದಯದ ತೊಂದರೆಯನ್ನು ವಿವರಿಸಿ, ಅದಕ್ಕೆ 'ತಾಕೋತ್ಸುಬೋ' ಎಂದು ಹೆಸರಿಟ್ಟರು. ಅದು ಅವರಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು. ತೀವ್ರ ಆಘಾತವಾದಾಗ ಹೃದಯದ ಎಡಗೋಣೆ ಆ ಮಡಕೆಯಂತೆ ಉಬ್ಬಿಕೊಳ್ಳುತ್ತದೆ. ಋತುಚಕ್ರ ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಹಾಗಾದರೆ ನಗು? ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತನಾಡಬೇಕು. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನುಮೂಳೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಹಾಸ್ಯ ಚಿತ್ರಗಳನ್ನು ನೋಡಿ, ಹತ್ತು ನಿಮಿಷ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಬರೆದರು. ಆತ ವಿಟಮಿನ್ ಸಿ ಕೂಡ ಹೇರಳವಾಗಿ ತೆಗೆದುಕೊಂಡಿದ್ದರು. ಒಬ್ಬರ ಅನುಭವ ಎಲ್ಲರಿಗೂ ಚಿಕಿತ್ಸೆಯಾಗದು. ನಗುವನ್ನು ನಂಬಿ ಮಾತ್ರೆ ಬಿಟ್ಟವರಿಗೆ ನಾವು ಶಹಬ್ಬಾಸ್ ಹೇಳಲಾರೆವು.

ಆದರೆ ಇನ್ನೊಂದು ಸಂಗತಿ ಗಮನಾರ್ಹ. ನಗುವಿನ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಮನುಷ್ಯ ಒಂಟಿಯಾಗಿರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದು ಕಂಡುಕೊಂಡರು. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬರ್ ತಂಡದ 2011ರ ಪ್ರಯೋಗಗಳಲ್ಲಿ, ಒಟ್ಟಿಗೆ ಕುಳಿತು ನಕ್ಕವರಿಗೆ ನೋವು ತಾಳುವ ಶಕ್ತಿ ಹೆಚ್ಚಿತ್ತು. ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಉದ್ಯಾನವೊಂದರಲ್ಲಿ ಐವರೊಂದಿಗೆ ನಗೆಕೂಟ ಆರಂಭಿಸಿದಾಗ ಕೆಲವೇ ದಿನಗಳಲ್ಲಿ ಜೋಕುಗಳು ಮುಗಿದುಹೋದವಂತೆ! ಆದರೂ ಕೂಟ ನಿಲ್ಲಲಿಲ್ಲ. ಪಾರ್ಕಿನಲ್ಲಿ ಕೈ ಎತ್ತಿ ಹೋ ಹೋ ಎನ್ನುವವರನ್ನು ಕಂಡರೆ ನಮಗೆ ಈಗಲೂ ಮುಜುಗರವೇ. ಆದರೆ ಅವರು ದಿನವೂ ಬೆಳಿಗ್ಗೆ ಮನೆಯಿಂದ ಹೊರಬಂದು ನಾಲ್ಕು ಜನರ ಮುಖ ನೋಡುತ್ತಾರಲ್ಲ, ಅರ್ಧ ಔಷಧ ಅದೇ ಇರಬೇಕು.

ನಮ್ಮ ಮನೆಗೆ ಜನ ಬರುತ್ತಿರಲಿಲ್ಲವೆಂದಲ್ಲ. ಸೇಬು, ಹಾರ್ಲಿಕ್ಸ್ ಹಿಡಿದು ಬರುತ್ತಿದ್ದರು. ಮುಖ ಬಾಡಿಸಿಕೊಂಡು ಕುಳಿತು, ಇದೇ ಕಾಯಿಲೆಯಿಂದ ತೀರಿಹೋದವರ ಕಥೆ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಆ ಲೋಟಗಳನ್ನು ತೊಳೆಯುವುದೂ ನಮ್ಮದೇ ಪಾಲು. ಚಿಕ್ಕಮ್ಮ ಮಾತ್ರ ಬೇರೆ ಥರ. ವಾರಕ್ಕೆ ಎರಡು ದಿನ ಮಧ್ಯಾಹ್ನ ಬಂದು, "ನೀವೆಲ್ಲ ಎದ್ದು ಹೋಗಿ ಮಲಗಿ" ಎಂದು ಗದರಿ ತಾವೇ ಉಮ್ಮನ ಮಂಚದ ಬಳಿ ಕೂರುತ್ತಿದ್ದರು.

ಒಂದು ದಿನ ಉಮ್ಮ ನಮ್ಮ ಕಿರಿಯವಳನ್ನು ಮೀನು ಮಾರುವ ಹೆಂಗಸೆಂದು ತಿಳಿದು, "ಬಂಗುಡೆ ಹೇಗೆ?" ಎಂದರು. ಹಿಂದೆಲ್ಲ ನಾವು, ಇವಳು ನಿಮ್ಮ ಮಗಳಲ್ಲವೇ ಎಂದು ತಿದ್ದುತ್ತಿದ್ದೆವು. ಉಮ್ಮ ಗಾಬರಿಯಾಗಿ ಅಳುತ್ತಿದ್ದರು. ಅಂದು ಚಿಕ್ಕಮ್ಮ ಕಣ್ಣು ಮಿಟುಕಿಸಿದರು. ಅವಳು "ನೂರಕ್ಕೆ ಐದು" ಎಂದಳು. "ನೂರಕ್ಕೆ ಐದೇ! ರೂಪಾಯಿಗೆ ಹತ್ತು ಕೊಡುವುದಾದರೆ ಕೊಡು, ಇಲ್ಲದಿದ್ದರೆ ಬುಟ್ಟಿ ಎತ್ತು!" ಎಂದು ಉಮ್ಮ ಗದರಿದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗಲಿಲ್ಲ. ನಾವೆಲ್ಲ ನಕ್ಕೆವು. ಯಾಕೆಂದು ತಿಳಿಯದಿದ್ದರೂ ಉಮ್ಮ ನಮಗಿಂತ ಜೋರಾಗಿ ನಕ್ಕರು. ಹೆಸರು, ಊರು, ಮಕ್ಕಳ ಮುಖ ಎಲ್ಲ ಮರೆತವರು ನಗುವುದನ್ನು ಮರೆತಿರಲಿಲ್ಲ.

ಕಾಯಿಲೆಯವರನ್ನು ಇಟ್ಟುಕೊಂಡು ಇದೆಂಥ ನಗು ಎಂದು ಆ ಸಂಜೆ ಒಬ್ಬರು ಬೇಲಿಯಾಚೆಯಿಂದ ಕೇಳಿಯೂ ಕೇಳಿದರು. ರೋಗಿಯ ಮನೆಯ ಹೆಣ್ಣುಮಕ್ಕಳು ನಕ್ಕರೆ ಅದು ಅಕ್ಕರೆ ಇಲ್ಲದಿರುವುದರ ಗುರುತೆಂದು ನಮ್ಮ ಜನ ಯಾಕೆ ತಿಳಿಯುತ್ತಾರೋ! ಗಂಡಸರು ಅಂಗಡಿ ಜಗಲಿಯಲ್ಲಿ ಕುಳಿತು ನಕ್ಕರೆ ಈ ಮಾತು ಬರುವುದಿಲ್ಲ.

ಅಕ್ಕನ ಗಾಯ ಕೊನೆಗೂ ಒಣಗಿತು. ನಗುವಿನಿಂದಲೇ ಎಂದು ನಾವು ಹೇಳಲಾರೆವು. ಚಿಕ್ಕಮ್ಮ ಕೂರುತ್ತಿದ್ದ ಆ ಮಧ್ಯಾಹ್ನಗಳಲ್ಲಿ ಅವಳಿಗೆ ನಿದ್ದೆ ಸಿಕ್ಕಿತ್ತು, ಮುಲಾಮೂ ಇತ್ತು. ಉಮ್ಮ ತೀರಿಕೊಂಡು ಈಗ ಕೆಲವು ವರ್ಷಗಳಾದವು.

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಈಗ ಒಬ್ಬರು ಪಾರ್ಶ್ವವಾಯು ಬಡಿದು ಮಲಗಿದ್ದಾರೆ. ನೋಡಿಕೊಳ್ಳುವವಳು ಸೊಸೆ ಒಬ್ಬಳೇ. ನಾವು ಮೂವರು ಸರದಿಯಂತೆ ಅಲ್ಲಿಗೆ ಹೋಗುತ್ತೇವೆ. ಹಣ್ಣು ಒಯ್ಯುವುದಿಲ್ಲ, ಚಹಾ ಮಾಡಲು ಬಿಡುವುದಿಲ್ಲ. ಮೊದಲ ದಿನ ಅವಳು ಅನುಮಾನದಿಂದಲೇ ಒಳಕೋಣೆಗೆ ಹೋಗಿ, ಎರಡು ಗಂಟೆ ಬಿಟ್ಟು ಕೆನ್ನೆಯ ಮೇಲೆ ಚಾಪೆಯ ಗೆರೆ ಹೊತ್ತು ಎದ್ದು ಬಂದಳು.